ಈ ಕಾದಂಬರಿಗೆ ನನ್ನನ್ನು ಕರೆಯಲಿಲ್ಲ

ನಾನು ದರ್ಜಿ, ನನ್ನ ಹೆಂಡತಿ ಪ್ರೇಮಕಾದಂಬರಿಗಳನ್ನು ಬರೆಯುವವಳು. ಅವಳ ಕಥೆಗಳೆಲ್ಲ ಇನ್ನೂರು ಮುನ್ನೂರು ವರ್ಷ ಹಿಂದಿನವು. ನಾಯಕಿಯರು ಮಹಾ ಬುದ್ಧಿವಂತೆಯರು. ಹಡಗು ನಡೆಸುತ್ತಾರೆ, ಮುರಿದ ಮೂಳೆ ಕೂಡಿಸುತ್ತಾರೆ, ಪ್ರೀತಿಸುವ ಮುಂಚೆ ಗಂಡಸಿನ ಸುಳ್ಳು ಹಿಡಿಯುತ್ತಾರೆ. ಕೈಯಾರೆ ಮಾಡಿ ನೋಡದ್ದನ್ನು ಒಂದು ಸಾಲೂ ಬರೆಯಬಾರದು ಅನ್ನುವುದು ಅವಳ ಹಟ. ಹಾಗಾಗಿ ಎಲ್ಲ ಪುಸ್ತಕಗಳ ನಾಯಕನೂ ಮೊದಲು ನಮ್ಮ ನಡುಕೋಣೆಯಲ್ಲಿ ನಾನೇ. "ರೀ, ಇಲ್ಲಿ ನಿಂತ್ಕೊಳ್ಳಿ, ಕತ್ತು ಸ್ವಲ್ಪ ಎಡಕ್ಕೆ" ಅಂದಳೆಂದರೆ ಮುಗಿಯಿತು. ಮನೆಯ ಮುಂಭಾಗವೇ ನನ್ನ ಅಂಗಡಿ. ಕೈದಿಯಾಗಿ ಕುರ್ಚಿಗೆ ಹಗ್ಗದಲ್ಲಿ ಕಟ್ಟಿಸಿಕೊಂಡು ಕೂತಿದ್ದಾಗ ಗಿರಾಕಿಯೊಬ್ಬರು ಪ್ಯಾಂಟು ಕೇಳಿಕೊಂಡು ಒಳಗೇ ಬಂದು, ನನ್ನನ್ನು ನೋಡಿ, "ನಾಳೆ ಬರ್ತೀನಿ ಬಿಡಿ" ಅಂತ ಹೊರಟುಹೋಗಿದ್ದರು.

ಈ ಸಲದ ನಾಯಕಿ ಬಟ್ಟೆಗೆ ಬಣ್ಣ ಹಾಕುವವಳು, ಮದುವೆಯಾದವಳು. ನನಗೆ ಗೊತ್ತಿದ್ದದ್ದು ಅಷ್ಟೇ. ಒಂದು ದೃಶ್ಯಕ್ಕೂ ಅವಳು ನನ್ನನ್ನು ಕರೆಯಲಿಲ್ಲ.

ಮಧ್ಯಾಹ್ನ ಊಟವಾದ ಕೂಡಲೇ ತುಂಬಿದ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಎಲ್ಲಿಗೆ ಅಂದರೆ, ಬಣ್ಣ ಹಾಕುವ ಕಾರ್ಖಾನೆಗೆ, ಸಂಶೋಧನೆ. ಸಂಜೆ ಬಂದಾಗ ಉಗುರಿನ ಸಂದಿಯಲ್ಲಿ ನೀಲಿ, ಮುಖದಲ್ಲಿ ನಗು. ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಬಣ್ಣ ಕಲಿಯುವುದಕ್ಕೆ ನಗು ಯಾಕೆ ಬೇಕು? ನಾಯಕನಿಲ್ಲದೆ ಪ್ರೇಮ ಕಾದಂಬರಿ ಇರುತ್ತದೆಯೇ? ನಾನಲ್ಲದಿದ್ದರೆ ಯಾವನನ್ನು ನಿಲ್ಲಿಸಿ ಕತ್ತು ಎಡಕ್ಕೆ ತಿರುಗಿಸುತ್ತಿದ್ದಾಳೆ? ಕತ್ತರಿ ಹಿಡಿದರೂ ಅದೇ ಯೋಚನೆ. ಯಾರದೋ ಕೋಟಿಗೆ ಎರಡೂ ಎಡತೋಳೇ ಕತ್ತರಿಸಿಟ್ಟೆ.

ಅವಳ ಮೇಲೆ ಕಣ್ಣಿಟ್ಟೆ. ತೋಳಿನ ಮೇಲಿನ ನೀಲಿ ಚುಕ್ಕೆಯನ್ನೂ ನೋಡದೆ ಬಿಡಲಿಲ್ಲ, ಕೂದಲಿಗೆ ಹತ್ತಿದ ಹೊಗೆಯ ವಾಸನೆಯನ್ನೂ ಮೂಸದೆ ಬಿಡಲಿಲ್ಲ. ಊಟ ಸೇರುತ್ತಿರಲಿಲ್ಲ. ಕೊನೆಗೆ ಒಂದು ದಿನ ಅಂಗಡಿಗೆ ಬೀಗ ಜಡಿದು ಹಿಂದೆಯೇ ಹೋದೆ.

ಓಣಿಯ ಕೊನೆಯಲ್ಲಿ ಕಾರ್ಖಾನೆ. ಕುದಿಯುವ ಹಂಡೆಗಳ ನಡುವೆ ಕೋಲಿನಿಂದ ಬಟ್ಟೆ ತಿರುವುತ್ತಿದ್ದದ್ದು ಒಬ್ಬ ಅಜ್ಜಿ.

"ಗಂಡಸರು ಯಾರೂ ಇಲ್ವಾ ಅಜ್ಜಿ?" ಅಂದೆ.

"ಇದ್ದೋನು ಹೋಗಿ ಎಷ್ಟೋ ಕಾಲ ಆಯ್ತಪ್ಪ. ಯಾಕೆ?"

ತಲೆಯ ಮೇಲಿನ ಭಾರ ಇಳಿದಂತಾಗಿ ನಕ್ಕೇಬಿಟ್ಟೆ. ಕಾದಂಬರಿ ಬರೆಯುವವಳು ಎಲ್ಲಿ ಅಂತ ಕೇಳಿದೆ.

"ಮೇಲಿನ ಕೋಣೇಲಿ. ಬಾಡಿಗೆಗೆ ತಗೊಂಡಿದಾಳಲ್ಲ. ದಿನಾ ಸ್ವಲ್ಪ ಸ್ವಲ್ಪ ಸಾಮಾನು ತಂದಿಡ್ತಾಳೆ. ಪುಸ್ತಕಕ್ಕಂತೆ."

ಮೆಟ್ಟಿಲು ಹತ್ತಿದೆ. ಗೋಡೆಯ ಮೊಳೆಗಳಿಗೆ ಅವಳ ಬಟ್ಟೆಗಳು ನೇತಾಡುತ್ತಿದ್ದವು. ಬೂದು ಕೋಟು, ಚಳಿಗಾಲದ ಅಂಗಿ, ನಾನು ಮೊದಲ ಸಲ ಅವಳಿಗಾಗಿ ಹೊಲಿದ ಹಸಿರು ಅಂಗಿ. ಎಲ್ಲವೂ ನನ್ನ ಹೊಲಿಗೆ. ಎಷ್ಟೋ ದಿನದಿಂದ ಅವಳು ಎರಡೇ ಜೊತೆ ಬಟ್ಟೆ ಒಗೆದೊಗೆದು ತೊಡುತ್ತಿದ್ದಳು ಎನ್ನುವುದು ಆಗ ಹೊಳೆಯಿತು. ಬೀದಿಯಲ್ಲಿ ಹೋಗುವವರ ಅಳತೆಯನ್ನು ಕಣ್ಣಲ್ಲೇ ಹೇಳುವ ದರ್ಜಿ ನಾನು! ಮೊದಲು ನಾಚಿಕೆಯಾಯಿತು, ಆಮೇಲೆ ಹೆದರಿಕೆ.

ಅವಳು ಮೇಜಿನಿಂದ ತಲೆಯೆತ್ತಿದಳು. "ಬಂದ್ರಾ? ನನ್ನ ನಾಯಕಿ ಗಂಡನ ಕಣ್ಣೆದುರಿಗೇ ಒಂದೊಂದೇ ಬಟ್ಟೆ ಸಾಗಿಸಿ ಮನೆ ಬಿಡ್ತಾಳೆ. ಗಂಡನಿಗೆ ಗೊತ್ತೇ ಆಗಲ್ಲ ಅಂದ್ರೆ ಓದೋರು ನಂಬ್ತಾರಾ ಅಂತ ಅನುಮಾನ ಇತ್ತು. ಈಗಿಲ್ಲ."

"ನಾನು... ಯಾವನೋ ಇದ್ದಾನೆ ಅಂದ್ಕೊಂಡಿದ್ದೆ."

"ಗೊತ್ತು. ಉಗುರು ನೋಡಿದ್ರಿ, ಕೂದಲು ಮೂಸಿದ್ರಿ. ಏನು ಬರೀತಿದೀಯ ಅಂತ ಒಂದು ಸಲಾನೂ ಕೇಳಲಿಲ್ಲ."

"ಕತೇಲಿ ಅವಳು ಮನೆಗೆ ವಾಪಸ್ ಹೋಗ್ತಾಳಾ?"

"ಇನ್ನೂ ಬರೆದಿಲ್ಲ. ಬುದ್ಧಿವಂತೆ ಕಣ್ರೀ ಅವಳು, ಸುಮ್ಮಸುಮ್ಮನೆ ಹೋಗೋಳಲ್ಲ."

ಅಭ್ಯಾಸಬಲದಿಂದ ಕೇಳಿದೆ, "ನಾನೆಲ್ಲಿ ನಿಂತ್ಕೊಳ್ಳಲಿ?"

"ಈ ಸಲ ನಾನು ಹೇಳಿಕೊಡಲ್ಲ" ಅಂದಳು.