ಎರಡೂ ಕೈ ಕಾಣುವ ಲ್ಯಾಪ್‌ಟಾಪ್

ಮಧ್ಯಾಹ್ನ ತಂಗಿಯ ವಿಡಿಯೋ ಕಾಲ್ ಬರುವ ಹೊತ್ತಿಗೆ ಬೆತ್ತದಕ್ಕ ಕೆಲಸ ನಿಲ್ಲಿಸಿ ಕೈ ಒರೆಸಿಕೊಂಡು ಕಾಯುತ್ತಿದ್ದಳು. ಹಳೆಯ ಕುರ್ಚಿಗಳಿಗೆ ಬೆತ್ತದ ಸೀಟು ಹೆಣೆಯುವುದು ಅವಳ ಕೆಲಸ. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅದೇ ಜಗಲಿಯ ಇನ್ನೊಂದು ಮೂಲೆಯಲ್ಲಿ ಅವಳ ಗಂಡ ಹಳೆಯ ಮೇಜು, ಬೀರುಗಳನ್ನು ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಹಾಕುತ್ತಿದ್ದ. ಅವನು ಎಲ್ಲರಿಗೂ ಪಾಲಿಶಣ್ಣ.

ಕಾಲ್ ಬಂದರೂ ಆ ಮನೆಯಲ್ಲಿ ಮಾತಿನ ಸದ್ದು ಕೇಳುತ್ತಿರಲಿಲ್ಲ. ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಬಾಯಿ ಮಾತೂ ಬಾರದು. ಶಾಲೆಯಲ್ಲಿ ಕಲಿಸುವ ಸನ್ನೆ ಭಾಷೆಯನ್ನು ಕಲಿಯುವ ಅವಕಾಶವೂ ಅವಳಿಗೆ ಸಿಕ್ಕಿರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ತಂಗಿ ಇಬ್ಬರೇ ಕೂತು ಒಂದೊಂದು ವಸ್ತುವಿಗೆ ಒಂದೊಂದು ಸನ್ನೆ ಕಟ್ಟಿ, ತಮ್ಮದೇ ಆದ ಮಾತೊಂದನ್ನು ಮಾಡಿಕೊಂಡಿದ್ದರು. ಅದು ಪೂರ್ತಿಯಾಗಿ ಬರುತ್ತಿದ್ದದ್ದು ಲೋಕದಲ್ಲಿ ಅವರಿಬ್ಬರಿಗೆ ಮಾತ್ರ. ತಂಗಿ ಮದುವೆಯಾಗಿ ದೂರದ ಊರಿಗೆ ಹೋಗಿ, ಅಲ್ಲಿ ಸಸಿ ಬೆಳೆಸಿ ಮಾರುವ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳ ಗಂಡ ಒಳ್ಳೆಯವನೇ. ಊಟ, ನಿದ್ದೆ, ಕೆಲಸ ಎನ್ನುವಷ್ಟು ಸನ್ನೆ ಕಲಿತಿದ್ದ. ಆದರೆ ಊಟ, ನಿದ್ದೆ, ಕೆಲಸದ ಆಚೆಗೂ ಮನುಷ್ಯರಿಗೆ ಹೇಳಿಕೊಳ್ಳುವುದು ಇರುತ್ತದಲ್ಲ.

ತೋಟದ ಒಡತಿ ಬಿಡುವಿನ ಹೊತ್ತಿನಲ್ಲಿ ತನ್ನ ಕಚೇರಿಯ ಕಂಪ್ಯೂಟರಿನ ಮುಂದೆ ತಂಗಿಯನ್ನು ಕೂರಲು ಬಿಡುತ್ತಿದ್ದಳು. ಆ ಕಡೆಯ ತೊಡಕು ಅಷ್ಟಕ್ಕೆ ಮುಗಿದಿತ್ತು. ತೊಡಕೆಲ್ಲ ಈ ಕಡೆಯದು. ಬೆತ್ತದಕ್ಕನ ಬಳಿ ಇದ್ದದ್ದು ಅಂಗೈ ಅಗಲದ ಫೋನು. ಅದನ್ನು ಒಂದು ಕೈಯಲ್ಲಿ ಹಿಡಿದರೆ ಮಾತಿಗೆ ಉಳಿಯುವುದು ಇನ್ನೊಂದೇ ಕೈ. ಅವರ ಮಾತಿನಲ್ಲಿ ಒಂದೇ ಕೈಯಲ್ಲಿ ಆಡಬಹುದಾದ ಪದಗಳು ತೀರಾ ಕಡಿಮೆ. ಪಾಲಿಶ್ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರೆ, ಹತ್ತಿರ ಕೂತಾಗ ಅವಳ ಮುಖವಷ್ಟೇ ಅತ್ತ ಹೋಗುತ್ತಿತ್ತು. ಎರಡೂ ಕೈ ಕಾಣಲೆಂದು ಹಿಂದೆ ಸರಿದರೆ ತಂಗಿಯ ಬೆರಳುಗಳು ಇವಳಿಗೆ ಅಕ್ಕಿಕಾಳಿನಷ್ಟಾಗುತ್ತಿದ್ದವು. ಕಾಲ್ ಮುಗಿದ ಮೇಲೆ ಬೆತ್ತದಕ್ಕ ಸ್ವಲ್ಪ ಹೊತ್ತು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ನೀರಿನಲ್ಲಿ ನೆನೆದ ಬೆತ್ತವನ್ನು ಎತ್ತಿಕೊಳ್ಳುತ್ತಿದ್ದಳು. ಅವಳು ಹೆಣೆಯುವುದನ್ನು ದೂರದಿಂದ ನೋಡಿದರೆ, ಹೇಳದೆ ಉಳಿದದ್ದನ್ನೆಲ್ಲ ಕುರ್ಚಿಗೆ ಹೇಳುತ್ತಿದ್ದಾಳೇನೋ ಅನ್ನಿಸುತ್ತಿತ್ತು.

ಒಂದು ದಿನ ಹೀಗೆ ಕೂತಿದ್ದಾಗ ಪಕ್ಕದ ಮನೆಯ ಲೈಬ್ರರಿಯಮ್ಮ ಬಂದಳು. ಬೀದಿಯ ತುದಿಯ ಗ್ರಂಥಾಲಯವನ್ನು ನೋಡಿಕೊಳ್ಳುವವಳು, ವಯಸ್ಸಿನಲ್ಲಿ ಬೆತ್ತದಕ್ಕನಿಗಿಂತ ಚಿಕ್ಕವಳು. ಗ್ರಂಥಾಲಯದ ಕುರ್ಚಿಯೊಂದರ ಸೀಟು ಹರಿದಿತ್ತು. ಅದನ್ನು ಕೆಳಗಿಳಿಸಿ, ಯಾಕೆ ಮುಖ ಸಪ್ಪಗಿದೆ ಎಂದು ಕೇಳಿದಳು. ಬೆತ್ತದಕ್ಕ ಫೋನಿನ ಕಷ್ಟ ಹೇಳಿಕೊಂಡಳು. ಲೈಬ್ರರಿಯ ಕಂಪ್ಯೂಟರಿನಲ್ಲಿ ಕೂತು ಮಾತಾಡಬಹುದೇ ಎಂದೂ ಕೇಳಿದಳು.

"ಲೈಬ್ರರೀಲಿ ಮಾತಾಡ್ಬಾರ್ದು ಅನ್ನೋ ಬೋರ್ಡು ನಿಮ್ಮಿಬ್ರನ್ನ ತಡೆಯಲ್ಲ ಅಕ್ಕ," ಎಂದು ಅವಳು ನಕ್ಕಳು. "ಆದ್ರೆ ಆ ಕಂಪ್ಯೂಟರಿಗೆ ಕ್ಯಾಮೆರಾನೇ ಇಲ್ಲ. ಒಂದು ಹಳೇ ಲ್ಯಾಪ್‌ಟಾಪ್ ತಗೊಳ್ಳಿ. ಫೋನಿನ ನೆಟ್ಟನ್ನೇ ಅದಕ್ಕೆ ಕೊಡ್ಬಹುದು."

ಹೊಸದು ಕೊಳ್ಳುವ ಶಕ್ತಿ ಆ ಮನೆಗೆ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಪಾಲಿಶಣ್ಣ ಮಾತ್ರ ಉಜ್ಜುವುದನ್ನು ನಿಲ್ಲಿಸಿ ತಲೆ ಅಲ್ಲಾಡಿಸಿದ. ಇನ್ನೊಬ್ಬರು ಬೇಡವೆಂದು ಬಿಟ್ಟದ್ದನ್ನು ನಾವು ಯಾಕೆ ತಲೆ ಮೇಲೆ ಹೊತ್ತು ತರಬೇಕು, ಒಳಗೆ ಏನು ಕೆಟ್ಟಿದೆಯೋ ಕಂಡವರು ಯಾರು ಎಂದು ಅವನ ವಾದ.

"ಈ ಜಗಲೀಲಿ ಹೊಸಾದು ಅಂತ ಏನಿದೆ ಅಣ್ಣ? ಹಳೇದನ್ನ ಜನ ನಂಬಿ ತಗೊಳ್ಳೋದ್ರಿಂದ ತಾನೆ ನಿಮ್ಮ ಒಲೆ ಉರಿಯೋದು?" ಎಂದಳು ಲೈಬ್ರರಿಯಮ್ಮ.

ಪಾಲಿಶಣ್ಣ ಮತ್ತೆ ಉಪ್ಪುಕಾಗದ ಎತ್ತಿಕೊಂಡ. ಹೆಂಡತಿ ನಕ್ಕದ್ದನ್ನು ನೋಡಿದ. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಮಾರನೆಯ ದಿನ ಅವನು ಯಾರಿಗೂ ಹೇಳದೆ ಪೇಟೆಗೆ ಹೋಗಿ, ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿ ಹುಡುಕಿ ನೋಡಿಕೊಂಡು ಬಂದ. ಬರುವಾಗಲೇ ಮುಖ ಅರಳಿತ್ತು. ಕನ್ನಡಿಯ ಹಾಗೆ ಹೊಳೆಯುವ ಒಂದನ್ನು ನೋಡಿದೆ, ಬೇರೆ ಯಾರಿಗೂ ಕೊಡಬೇಡ ಎಂದು ಹೇಳಿ ಬಂದಿದ್ದೇನೆ, ನಾಳೆಯೇ ತಂದುಬಿಡೋಣ ಎಂದ. ಬೆತ್ತದಕ್ಕ ಒಳಗೆ ಹೋಗಿ ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿದಳು. ಬೆಳಕು ಮುಖದ ಮೇಲೆ ಬೀಳುವಂತೆ ಅದನ್ನು ತಿರುಗಿಸಿದಳು. ಆಮೇಲೆ ಖಾಲಿ ಮೇಜಿನ ಮುಂದೆ ಕೂತು, ಎದುರಿಗೆ ತಂಗಿ ಇದ್ದಾಳೆ ಎಂಬಂತೆ ಎರಡೂ ಕೈ ಎತ್ತಿದಳು. ಗಂಡ ಬಾಗಿಲಲ್ಲಿ ನಿಂತದ್ದು ಕಂಡು ಚಟಕ್ಕನೆ ಕೈ ಇಳಿಸಿದಳು.

ಸುದ್ದಿ ಕೇಳಿ ಬಂದ ಲೈಬ್ರರಿಯಮ್ಮ ಮೊದಲು ಕೇಳಿದ್ದು, ಏನೇನು ನೋಡಿದಿರಿ ಎಂದು. ಮುಚ್ಚಳ ನೋಡಿದೆ, ನಾಲ್ಕೂ ಮೂಲೆ ನೋಡಿದೆ, ಒಂದು ಗೀರಿಲ್ಲ ಎಂದು ಪಾಲಿಶಣ್ಣ ಹೆಮ್ಮೆಯಿಂದ ಹೇಳಿದ. ಕರೆಂಟಿನ ವೈರು ತೆಗೆದು ನೋಡಿದಿರಾ? ಇಲ್ಲ. ಕ್ಯಾಮೆರಾ? ಇಲ್ಲ. ಒಳಗಿನ ವ್ಯವಸ್ಥೆ, ಅಂದರೆ ಯಂತ್ರ ನಡೆಸುವ ಸಾಫ್ಟ್‌ವೇರ್, ಯಾವ ಕಾಲದ್ದು? ಪಾಲಿಶಣ್ಣನಿಗೆ ರೇಗಿತು.

"ನಾನೇನು ಹೆಣ್ಣು ನೋಡೋಕೆ ಹೋಗಿದ್ನೇನಮ್ಮ, ಕುಲ ಗೋತ್ರ ಎಲ್ಲಾ ಕೇಳೋಕೆ?"

"ಅಲ್ಲಾದ್ರೂ ಬರೀ ಬಣ್ಣ ನೋಡಿ ಒಪ್ಕೊಂಡ್ರೆ ಮನೇಲಿ ಬೈತಾರಲ್ಲ ಅಣ್ಣ," ಎಂದಳು ಅವಳು. ತಾನು ಮೊದಲ ಸಲ ಹಳೆಯದು ಕೊಂಡಾಗ ಹೀಗೆಯೇ ಹೊರಗಿನ ಅಂದ ನೋಡಿ ಕೈ ಸುಟ್ಟುಕೊಂಡಿದ್ದನ್ನು ಹೇಳಿದಳು. "ಯಾವ ಕೆಲಸಕ್ಕೆ ಬೇಕೋ ಆ ಕೆಲಸಾನೇ ಅಂಗಡೀಲಿ ಮಾಡಿಸಿ ನೋಡ್ಬೇಕು. ನಿಮಗೆ ಬೇಕಾಗಿರೋದು ಕಾಲು. ತಂಗಿ ಬಿಡುವಿನ ಹೊತ್ತಿಗೇ ಹೋಗೋಣ, ಅಲ್ಲಿಂದ್ಲೇ ಮಾತಾಡಿ."

ಮೂವರೂ ಹೋದರು. ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಎರಡೂ ಕಡೆ ಕಪಾಟು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಹೊಳೆಯುವ ಲ್ಯಾಪ್‌ಟಾಪನ್ನು ಅಂಗಡಿಯವನು ಆಗಲೇ ವೈರು ಚುಚ್ಚಿ, ತೆರೆದು ಇಟ್ಟಿದ್ದ. ಬೆತ್ತದಕ್ಕ ಅದರ ಅಂಚನ್ನು ಬೆರಳ ತುದಿಯಿಂದ ಮುಟ್ಟಿದಳು. ಅವಳ ಮನಸ್ಸಿನಲ್ಲಿ ಆಗಲೇ ಅದು ಮನೆಯ ಮೇಜಿನ ಮೇಲೆ ಕೂತಿತ್ತು.

ಲೈಬ್ರರಿಯಮ್ಮ ವೈರು ಕೀಳಲು ಹೇಳಿದಳು. ಕಿತ್ತ ಕೂಡಲೇ ಪರದೆ ಮಂಕಾಯಿತು, ನೋಡನೋಡುತ್ತಲೇ ಬ್ಯಾಟರಿ ಇಳಿಯತೊಡಗಿತು. ವೈರು ಚುಚ್ಚಿಕೊಂಡೇ ಇರುತ್ತೇನೆ, ಅದೇನು ದೊಡ್ಡದಲ್ಲ ಎಂದಳು ಬೆತ್ತದಕ್ಕ. ಆಮೇಲೆ ಒಳಗಿನ ವ್ಯವಸ್ಥೆ ನೋಡಿದರು. ಅದು ಬಹಳ ಹಳೆಯದು. ಮಾಡಿದ ಕಂಪನಿ ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿತ್ತು, ಹೊಸ ವ್ಯವಸ್ಥೆ ಹಾಕಲು ಆ ಯಂತ್ರಕ್ಕೆ ಕಸುವಿರಲಿಲ್ಲ. ಲೈಬ್ರರಿಯಮ್ಮ ಬಿಡಿಸಿ ಹೇಳಿದಳು: ಕಳ್ಳರು ಹೊಸ ಹೊಸ ಬೀಗದ ಕೈ ಮಾಡುತ್ತಲೇ ಇರುತ್ತಾರೆ, ಅದಕ್ಕೆ ತಕ್ಕಂತೆ ಬೀಗ ಬದಲಿಸುವವರು ಬೇಕು, ಈ ಮನೆಗೆ ಬೀಗ ಬದಲಿಸುವವರು ಬರುವುದನ್ನೇ ಬಿಟ್ಟಿದ್ದಾರೆ. ಇವರ ಹತ್ತಿರ ಕದಿಯಲು ಏನಿದೆ ಎಂದು ಅಂಗಡಿಯವನು ನಕ್ಕ.

"ನನಗೆ ಬೇರೇನೂ ಬೇಡ," ಎಂದಳು ಬೆತ್ತದಕ್ಕ. ಕಣ್ಣು ಪರದೆಯ ಮೇಲೆಯೇ ಇತ್ತು. "ಅವಳ ಕೈ ಕಂಡ್ರೆ ಸಾಕು."

ಕಾಲ್ ಹಚ್ಚಿದರು. ಪರದೆಯ ತುಂಬ ತಂಗಿಯ ಮುಖ ಬಂತು. ಇಷ್ಟು ದೊಡ್ಡದಾಗಿ ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಬೆತ್ತದಕ್ಕ ಎರಡೂ ಕೈ ಎತ್ತಿ ಮಾತಿಗೆ ತೊಡಗಿದಳು. ತಂಗಿಯೂ ಕೈ ಎತ್ತಿದಳು. ಅಷ್ಟರಲ್ಲಿ ಚಿತ್ರ ನಿಂತಿತು. ಮತ್ತೆ ಹೊರಟಾಗ ತಂಗಿಯ ಕೈಗಳು ಎಲ್ಲಿಂದಲೋ ಎಲ್ಲಿಗೋ ಜಿಗಿದಿದ್ದವು. ಕೈ ಇರಬೇಕಾದ ಕಡೆ ಬೂದು ಬಣ್ಣದ ಕಲೆಯಷ್ಟೇ ಅಲುಗುತ್ತಿತ್ತು. ಬೆತ್ತದಕ್ಕ ನಿಧಾನವಾಗಿ, ಇನ್ನೂ ನಿಧಾನವಾಗಿ ಸನ್ನೆ ಮಾಡಿದಳು. ಆ ಕಡೆ ತಂಗಿ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದಳು. ಕೊನೆಗೆ ಏನೂ ತಿಳಿಯುತ್ತಿಲ್ಲವೆಂದು ತಲೆ ಆಡಿಸಿ, ಕೈಗಳನ್ನು ಮಡಿಲಿಗೆ ಇಳಿಸಿಬಿಟ್ಟಳು.

"ವಾಯ್ಸ್ ಸಕತ್ತಾಗಿ ಬರ್ತಿದೆಯಲ್ಲಕ್ಕ," ಎಂದ ಅಂಗಡಿಯವನು. ಆ ಕಡೆ ಯಾರೋ ಮಾತಾಡುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ತಂಗಿಗೆ ಕಿವಿ ಕೇಳದೆಂದು ಅವನಿಗೆ ಗೊತ್ತಿರಲಿಲ್ಲ.

ಬಾಯಲ್ಲಿ ಮಾತಾಡುವವರಿಗಾದರೆ ಚಿತ್ರ ನಿಂತರೂ ದನಿ ಸಾಗುತ್ತದೆ. ಇವರಿಬ್ಬರಿಗೆ ಚಿತ್ರ ನಿಂತರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಲೈಬ್ರರಿಯಮ್ಮ ಅಂಗಡಿಯವನಿಗೆ ಅದನ್ನು ತಿಳಿಸಿದಳು. ಅವನ ನಗು ನಿಂತಿತು.

ಇಷ್ಟು ಹೊತ್ತೂ ಪಾಲಿಶಣ್ಣ ಪರದೆಯನ್ನು ನೋಡುತ್ತಿರಲಿಲ್ಲ. ಮುಚ್ಚಳ ಮಡಚುವ ಕೀಲಿನ ಹತ್ತಿರ ಬಗ್ಗಿ, ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದ. ಉಗುರಿಗೆ ಕಪ್ಪು ಅಂಟು ಬಂತು. ಅದರ ಕೆಳಗೆ ಉದ್ದಕ್ಕೆ ಬಿರುಕು. ಯಾರೋ ಬಿರುಕಿಗೆ ಅಂಟು ತುಂಬಿ, ಒಣಗಿಸಿ, ತಿಕ್ಕಿ, ಮೇಲೆ ಬಣ್ಣ ಹಚ್ಚಿದ್ದರು. ದಿನವೂ ಹುಳು ತಿಂದ ಮರಕ್ಕೆ ಮೇಣ ತುಂಬಿ ಉಜ್ಜುವವನಿಗೆ ಅದನ್ನು ಗುರುತಿಸಲು ನಿನ್ನೆಯೇ ಸಾಧ್ಯವಿತ್ತು. ಆದರೆ ನಿನ್ನೆ ಅವನ ಕಣ್ಣು ಹೊಳಪು ಕಂಡು ಸೋತಿತ್ತು.

"ನಾನೂ ತೂತಿಗೆ ಮೇಣ ತುಂಬ್ತೀನಪ್ಪ," ಎಂದ ಅವನು, ದನಿ ಏರಿಸದೆ. "ಆದ್ರೆ ಇಲ್ಲಿ ತೂತಿತ್ತು ಅಂತ ತಗೊಳ್ಳೋರಿಗೆ ಹೇಳ್ತೀನಿ."

ತನಗೂ ಅದು ಹಾಗೆಯೇ ಬಂದದ್ದು, ಕೀಲನ್ನು ತಾನು ಬಿಚ್ಚಿ ನೋಡಿರಲಿಲ್ಲ ಎಂದು ಅಂಗಡಿಯವನು ತಡವರಿಸಿದ. ಆಮೇಲೆ ಮಾತು ಬೆಳೆಸದೆ ಕೆಳಗಿನ ಕಪಾಟಿನಿಂದ ಇನ್ನೊಂದನ್ನು ತೆಗೆದ. ಯಾವುದೋ ಕಚೇರಿಯಲ್ಲಿ ದುಡಿದು ಬಂದದ್ದು. ಬೆಲೆ ಹೆಚ್ಚುಕಡಿಮೆ ಅಷ್ಟೇ. ಮುಚ್ಚಳದ ಮೇಲೆ ಗೀರುಗಳು, ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಜಿಡ್ಡು, ಕೀಲಿಮಣೆಯ ಕೆಲವು ಕೀಲಿಗಳ ಅಕ್ಷರ ಅಳಿಸಿಹೋಗಿತ್ತು. ಅದನ್ನು ಜಗಲಿಯ ಮೇಲೆ ಇಟ್ಟರೆ ಗಿರಾಕಿ ತಿರುಗಿ ನೋಡುವುದಿಲ್ಲ ಎಂದು ಪಾಲಿಶಣ್ಣ ಗೊಣಗಿದ.

ಈ ಸಲ ಯಾರೂ ಅವಸರ ಮಾಡಲಿಲ್ಲ. ವೈರು ತೆಗೆದು ಹಾಗೆಯೇ ಓಡಲು ಬಿಟ್ಟು, ಎದುರಿನಿಂದ ಚಹಾ ತರಿಸಿ ಕುಡಿದರು. ಲೋಟ ಖಾಲಿಯಾದಾಗಲೂ ಬ್ಯಾಟರಿಯಲ್ಲಿ ಜೀವವಿತ್ತು, ಹೊಸದರಷ್ಟಲ್ಲದಿದ್ದರೂ. ಲೈಬ್ರರಿಯಮ್ಮ ಒಂದೊಂದೇ ಕೀಲಿ ಒತ್ತಿ ನೋಡಿದಳು. ಕ್ಯಾಮೆರಾ ತೆರೆದಳು. ಸುರಕ್ಷತೆಯ ಅಪ್‌ಡೇಟ್ ಇನ್ನೂ ಬರುತ್ತಿದೆ ಎಂದು ಖಚಿತ ಮಾಡಿಕೊಂಡಳು. ಹಿಂದಿನವರ ಖಾತೆಯೊಂದು ಒಳಗೆ ಉಳಿದಿತ್ತು. ಅದನ್ನು ಪೂರ್ತಿ ಅಳಿಸದ ಹೊರತು ಕೊಳ್ಳುವುದಿಲ್ಲ, ಯಂತ್ರದ ನಂಬರ್ ಬರೆದ ರಸೀದಿ ಬೇಕು, ತೊಂದರೆ ಬಂದರೆ ವಾಪಸ್ ತೆಗೆದುಕೊಳ್ಳುವ ಗಡುವನ್ನೂ ಅದರಲ್ಲಿ ಬರೆಯಬೇಕು ಎಂದಳು. ಅಂಗಡಿಯವನು ಒಪ್ಪಿ, ಎದುರಿಗೇ ಖಾತೆ ಅಳಿಸಿದ.

ಮತ್ತೆ ಕಾಲ್ ಹಚ್ಚಿದರು. ಅದೇ ಅಂಗಡಿ, ಅದೇ ನೆಟ್ಟು. ತಂಗಿ ಇನ್ನೂ ಅಲ್ಲಿಯೇ ಕಾಯುತ್ತಿದ್ದಳು.

ಈ ಸಲ ಬೆರಳುಗಳು ಕಂಡವು. ಉಗುರಿನ ಸಂದಿಯ ಮಣ್ಣು ಕೂಡ ಕಂಡಿತು. ಬೆತ್ತದಕ್ಕ ಕೈ ಎತ್ತಿದಳು. ಆ ಕಡೆ ತಂಗಿಯ ಮುಖ ಕ್ಷಣ ಹಾಗೆಯೇ ನಿಂತು, ಆಮೇಲೆ ಅರಳಿತು. ಅಲ್ಲಿಂದ ಇಬ್ಬರ ಕೈಗಳೂ ನಿಲ್ಲಲಿಲ್ಲ. ಏನು ಮಾತಾಡಿದರೆಂದು ಉಳಿದವರಿಗೆ ತಿಳಿಯಲಿಲ್ಲ. ನಡುವೆ ತಂಗಿ ಪಾಲಿಶಣ್ಣನ ಕಡೆ ಬೆರಳು ಮಾಡಿ, ಗಾಳಿಯಲ್ಲಿ ಒಂದು ದುಂಡನೆಯ ಹೊಟ್ಟೆ ಬರೆದಾಗ ಮಾತ್ರ ಎಲ್ಲರಿಗೂ ಅರ್ಥವಾಯಿತು.

ಆಮೇಲೆ ತಂಗಿ ಅಕ್ಕನಿಗೆ ಗೊತ್ತಿಲ್ಲದ ಒಂದು ಸನ್ನೆ ಮಾಡಿದಳು. ಒಂದು ಕೈಯ ಎರಡು ಬೆರಳು ಸೀಳಿನಂತೆ ಅಗಲಿಸಿ, ಅದರ ನಡುವೆ ಇನ್ನೊಂದು ಕೈಯ ಬೆರಳನ್ನು ಇಳಿಸಿ, ಸುತ್ತಲೂ ದಾರ ಸುತ್ತಿದಂತೆ ತೋರಿಸಿದಳು. ಪಕ್ಕದಲ್ಲಿದ್ದ ಸಸಿಯೊಂದನ್ನು ಎತ್ತಿ ಹಿಡಿದಾಗ ಬೆತ್ತದಕ್ಕನಿಗೆ ತಿಳಿಯಿತು. ಕಸಿ ಕಟ್ಟುವುದು. ತಂಗಿ ಆ ಕೆಲಸ ಕಲಿತಿದ್ದಳು, ಅದಕ್ಕೊಂದು ಪದವನ್ನೂ ಕಟ್ಟಿಕೊಂಡಿದ್ದಳು. ಇಷ್ಟು ದಿನ ಆ ಪದವನ್ನು ಆಡಿ ತೋರಿಸಲು ಅವಳಿಗೆ ಯಾರೂ ಇರಲಿಲ್ಲ.

ಬೆತ್ತದಕ್ಕ ಹಾಗೆಯೇ ಮಾಡಿದಳು. ಬೆರಳು ತಪ್ಪಾಯಿತು. ತಂಗಿ ನಕ್ಕು ತಿದ್ದಿದಳು. ಮತ್ತೆ ಮಾಡಿದಳು. ಅಷ್ಟರಲ್ಲಿ ತಂಗಿಯ ಹೆಗಲ ಮೇಲೆ ಯಾರದೋ ಕೈ ಬಿತ್ತು. ಬಿಡುವು ಮುಗಿದಿತ್ತು. ಅವಳು ಎದ್ದು, ನಾಳೆ ಎಂದು ಸನ್ನೆ ಮಾಡಿ ಹೋದಳು. ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು. ಬೆತ್ತದಕ್ಕ ಅದನ್ನೇ ನೋಡುತ್ತ ಕೂತಿದ್ದಳು.

"ಇದನ್ನೇ ಕಟ್ಟಿಕೊಡಪ್ಪ," ಎಂದ ಪಾಲಿಶಣ್ಣ. "ಒರೆಸೋದೂ ಬೇಡ, ಹೀಗೇ ಇರ್ಲಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಇಂಥದ್ದೊಂದು ಯಂತ್ರಕ್ಕಾಗಿ ಆಸೆಯಿಂದ ಕಾಯುತ್ತಿರಬಹುದು. ಓದಿಗಿರಬಹುದು, ಕೆಲಸಕ್ಕಿರಬಹುದು, ದೂರದವರ ಮುಖ ನೋಡಲಿಕ್ಕಿರಬಹುದು. ಹಳೆಯದು ಎಂದು ಹಿಂಜರಿಯಬೇಡಿ, ಹೊಳೆಯುತ್ತದೆ ಎಂದು ಮರುಳಾಗಲೂ ಬೇಡಿ. ಯಾವ ಕೆಲಸಕ್ಕೆ ಬೇಕೋ ಅದನ್ನು ಅಂಗಡಿಯಲ್ಲೇ ಮಾಡಿ ನೋಡಿ. ವೈರು ತೆಗೆಸಿ, ಬ್ಯಾಟರಿ ನೋಡಿ. ಸುರಕ್ಷತೆಯ ಅಪ್‌ಡೇಟ್ ಬರುತ್ತಿದೆಯೇ ಎಂದು ಕೇಳಿ. ಬರದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ಹಿಂದೆ ಬಳಸಿದವರ ಖಾತೆ ಅಳಿಸಿ, ರಸೀದಿ ಕೈಗೆ ಬಂದ ಮೇಲೆಯೇ ಹಣ ಕೊಡಿ. ನಿಮಗೆ ತಿಳಿಯದಿದ್ದರೆ ತಿಳಿದವರೊಬ್ಬರನ್ನು ಜೊತೆಗೆ ಕರೆಯಿರಿ, ಅದರಲ್ಲಿ ನಾಚಿಕೆಯಿಲ್ಲ. ಒಂದು ಮಧ್ಯಾಹ್ನ ಹೆಚ್ಚು ಹಿಡಿಯಬಹುದು. ಹಿಡಿಯಲಿ. ಕಾಯುತ್ತಿರುವವರ ಕೈಗೆ ಕೆಲಸ ಮಾಡುವ ವಸ್ತುವನ್ನೇ ಕೊಡಿ.