ಜೂನ್ ಒಂದರೊಳಗೆ

ಅರ್ಧ ರಸ್ತೆಗೆ ಭತ್ತ ಹರವಿದ್ದಾರೆ, ಅಂಚಿಗೆ ಸಾಲಾಗಿ ಕಲ್ಲು ಬೇರೆ ಇಟ್ಟಿದ್ದಾರೆ ಪುಣ್ಯಾತ್ಮರು, ಮಾಲತೇಶ್ ಸೈಕಲ್ಲನ್ನು ಬಲಕ್ಕೆ ಎಳೆದುಕೊಂಡ, ಮಂಡಿಯೊಳಗೆ ಚುಳುಕ್ ಎಂದಿತು — ಇಲ್ಲ, ಏನಿಲ್ಲ, ಸಾಸ್ವೆಹಳ್ಳಿಯಿಂದ ಹೊನ್ನಾಳಿ ಏನು ಮಹಾ ದೂರ, ಹತ್ತು ಗಂಟೆಗೆ ಲಾಡ್ಜಿನಲ್ಲಿರಬೇಕು, ಪುಣೆಯ ಸೈಕಲ್ ರೇಸ್ ತಂಡದ ಮ್ಯಾನೇಜರ್ ಕಾಗದ ಹಿಡಿದು ಕೂತಿರುತ್ತಾರೆ, ಸಹಿ ಹಾಕಿದರೆ ಇವತ್ತಿನಿಂದಲೇ ಪ್ರೊಫೆಷನಲ್, ಎದೆ ಮೇಲೆ ಕಂಪನಿ ಹೆಸರು, ಹಾಕದಿದ್ದರೆ — ಹಾಕದಿದ್ದರೆ ಮುಗಿಯಿತು, ಜೂನ್ ಒಂದಕ್ಕೆ ನಿನಗೆ ಹತ್ತೊಂಬತ್ತು ತುಂಬುತ್ತಲ್ಲಪ್ಪ, ಆಮೇಲೆ ಹೊಸಬರನ್ನ ತಗೊಳ್ಳಲ್ಲ, ರೂಲ್ಸು, ಫೋನಿನಲ್ಲಿ ಎಷ್ಟು ಮೆತ್ತಗೆ ಹೇಳಿದರು ಆ ಮನುಷ್ಯ. ತುಂಬುತ್ತದೆ, ಕಾಗದದಲ್ಲಿ. ಮೈಗೆ ಹದಿನೇಳು. ಮೀಸೆ ಕೂಡ ಸಾಕ್ಷಿ ಹೇಳುತ್ತದೆ, ಮೇಲ್ದುಟಿ ಇನ್ನೂ ಮಸಿ ತಾಗಿದ ಹಾಗಷ್ಟೇ ಇದೆ. ನ್ಯಾಮತಿಯ ನಾಗೇಂದ್ರಪ್ಪ ಸರ್, ತಾವು ಸ್ಕೂಟರಿನಲ್ಲಿ ಮುಂದೆ ಹೋಗುತ್ತಾ ಮೂರು ವರ್ಷ ಇವನನ್ನು ಹಿಂದೆ ತುಳಿಸಿ ತುಳಿಸಿ ಹದ ಮಾಡಿದವರು, ನಿನ್ನೆ ಮುಖ ನೋಡಿಯೇ ಕೇಳಿದರು, ನಿಜ ಹೇಳೋ, ನಿಂಗೆ ವಯಸ್ಸೆಷ್ಟು, ಹೇಳಿದ, ಅವರು ಹೆಲ್ಮೆಟ್ ತೆಗೆದು ಕಟ್ಟೆ ಮೇಲೆ ಕೂತುಬಿಟ್ಟರು, ಎರಡು ವರ್ಷ ತಡಿಯೋ, ಎಲುಬು ಇನ್ನೂ ಎಳೇದೈತೆ, ದೊಡ್ಡೋರ ಸಮಕ್ಕೆ ದಿನಾ ನೂರೈವತ್ತು ಕಿಲೋಮೀಟರ್ ತುಳಿಯಾಕೆ ಹೋದ್ರೆ ಏನಾಗ್ತೈತೆ ಅಂತ ನೋಡಿಲ್ಲೇನು, ನೋಡಿದ್ದೀನಿ ಸಾರ್, ಹುಟ್ಟಿದ ಡೇಟು ತಿದ್ದಿಸಾಕೆ ಆಗಲ್ವಾ, ಹೆಂಗಾಗ್ತೈತೋ, ಹತ್ತನೇ ಕ್ಲಾಸ್ ಅಂಕಪಟ್ಟಿಗೇ ಬಂದೈತಲ್ಲೋ. ನೋಡಿದ್ದಾನೆ, ಜಗಳೂರಿನ ವಿನಯ್ ಕುಮಾರ್‌ನನ್ನು, ಚನ್ನಗಿರಿ ರೇಸಿನಲ್ಲಿ ಇವನನ್ನು ಒಂದು ಗಾಲಿಯಷ್ಟು ಹಿಂದೆ ಹಾಕಿ ಗೆದ್ದವನು, ಹದಿನೆಂಟಕ್ಕೇ ಇದೇ ತಂಡಕ್ಕೆ ಸಹಿ ಹಾಕಿದ, ಅವನದು ನಿಜವಾದ ಹದಿನೆಂಟು, ಆದರೂ ಹತ್ತೇ ತಿಂಗಳು, ಮಂಡಿಗೆ ಎರಡು ಆಪರೇಷನ್, ಹೋದ ವಾರ ನೋಡಲು ಹೋದರೆ, ಕಕ್ಕಸಿಗೆ ಕುಕ್ಕರಗಾಲಲ್ಲಿ ಕೂರಾಕೂ ಆಗಲ್ಲ ಮಾರಾಯ, ನಮ್ಮವ್ವ ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊಯ್ಸಿ ಇಟ್ಟಾಳೆ, ಎಂದು ನಕ್ಕ, ಇವನೂ ನಕ್ಕ, ನಗಬಾರದಿತ್ತು, ವಾಪಸ್ಸು ಬರುವಾಗ ಬಸ್ಸಿನಲ್ಲಿ ಎರಡೂ ಮಂಡಿಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದ. ಭಯ. ಭಯವಲ್ಲದೆ ಇನ್ನೇನು.

ತಡಿ ಅಂತಾರೆ ಸರ್, ತಡೆಯಲು ಎರಡು ವರ್ಷ ಇರಬೇಕಲ್ಲ, ಅವು ಇವನ ಹತ್ತಿರ ಇಲ್ಲ, ಲಾಡ್ಜಿನ ಫ್ಯಾನು ಕಟಕಟ ಅನ್ನುತ್ತಿದೆ, ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು, ಹುಟ್ಟಿದ ದಿನ ಜೂನ್ ಒಂದು, ಸರಿ ತಾನೇ, ಹೂಂ ಸಾರ್, ಸರಿ, ಹಾಕಿಬಿಟ್ಟ, ಹೆಸರು ಕೊನೆಯಲ್ಲಿ ಸ್ವಲ್ಪ ಜಾರಿತು, ಕಂಗ್ರಾಟ್ಸ್ ಎಂದು ಅವರು ಕೈ ಕುಲುಕುತ್ತಿದ್ದಾರೆ, ಆದರೆ ಅಪ್ಪ ಮೂಕಪ್ಪ ಯಾಕೆ ಈಗ, ಹದಿಮೂರು ವರ್ಷದ ಹಿಂದೆ ಶಾಲೆಯಲ್ಲಿ ನಿಂತ ಹಾಗೇ, ಬೆನ್ನ ಹಿಂದೆ ನಿಂತಿದ್ದಾನೆ, ಅವ್ವನೂ ಅಪ್ಪನೂ ಕೂಲಿಗೆ ಹೋದರೆ ಹುಡುಗನನ್ನು ನೋಡಿಕೊಳ್ಳೋರು ಯಾರು, ಶಾಲೆಗೆ ಹಾಕಿದರೆ ಊಟವಾದರೂ ಆಗುತ್ತದೆ, ಅದಕ್ಕೇ ನಾಲ್ಕು ವರ್ಷದವನನ್ನು ಹೆಗಲ ಮೇಲೆ ಹೊತ್ತು ತಂದಿದ್ದಾನೆ, ಮೇಷ್ಟ್ರು ಹೇಳುತ್ತಿದ್ದಾರೆ, ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಮರಿ, ಮುಟ್ಟಿದ್ರೆ ಆರು ತುಂಬೈತೆ, ಹುಟ್ಟಿದ್ದು ಜೂನ್ ಒಂದು ಅಂತ ಬರ್ಕೋತೀನಿ, ಮುಟ್ಟುತ್ತಿಲ್ಲ, ಎರಡು ಬೆರಳಷ್ಟು ಸಾಲದು, ಅಪ್ಪ ಯಾರಿಗೂ ಕಾಣದ ಹಾಗೆ ಕತ್ತಿನ ಮೇಲೆ ಅಂಗೈ ಇಡುತ್ತಾನೆ, ಬಿಸಿ ಅಂಗೈ, ಸಿಮೆಂಟಿನ ತರಿತರಿ, ಮೆಲ್ಲಗೆ ತಲೆಯನ್ನು ಬಗ್ಗಿಸುತ್ತಾನೆ, ಬಗ್ಗಿಸುತ್ತಾನೆ, ಬೆರಳು ಕಿವಿಗೆ ತಾಗುತ್ತದೆ, ಮುಟ್ಟಿತು ಸಾರ್, ಮುಟ್ಟಿತು — ಮಗು ನಗುತ್ತಿದೆ, ಗೆದ್ದೆನೆಂದು — ಕತ್ತಿನ ಮೇಲೆ ಆ ಅಂಗೈ — ಬಗ್ಗಿಸುತ್ತಾನೆ, ಮುಟ್ಟುತ್ತದೆ — ಆ ಅಂಗೈ —