ಗೆರೆ ಎಳೆದ ಸಾಲು

ಹೈದರಾಬಾದಿನ ಕನ್ನಡ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದ ಶಾಂಭವಿ ಟೀಚರ್ ಯಾವ ಮಗುವಿನ ಮೇಲೂ ಕೈ ಎತ್ತಿದವರಲ್ಲ. ಮಕ್ಕಳ ಬರವಣಿಗೆ ಸುಧಾರಿಸಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅವರು ವಿಡಿಯೊ ಪಾಠ ಶುರುಮಾಡಿದ್ದು. ಊಟದ ಮೇಜಿನ ಮೇಲೆ ಮೊಬೈಲ್ ನಿಲ್ಲಿಸಿ ವಾರಕ್ಕೊಂದು ಪಾಠ ಹೇಳಿ, ಯೂಟ್ಯೂಬಿಗೆ ಹಾಕುತ್ತಿದ್ದರು.

ಹನ್ನೊಂದನೆಯ ಪಾಠ ಪ್ರಬಂಧದ ತಪ್ಪುಗಳ ಬಗ್ಗೆ. ಉದಾಹರಣೆ ಬೇಕಲ್ಲ ಎಂದು ಎಂಟನೆಯ ತರಗತಿಯ ಹರ್ಷಿತಾ ಬರೆದ 'ನನ್ನ ತಾಯಿ' ಪ್ರಬಂಧವನ್ನು ಕ್ಯಾಮೆರಾಕ್ಕೆ ಹಿಡಿದರು. ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದರು.

"'ನಮ್ಮವ್ವ ರೊಟ್ಟಿ ಬಡಿಯಾಕ ಹತ್ತಿದ್ರ ಮನ್ಯಾಗ ಮಳಿ ಬಂದಂಗ ಸಪ್ಪಳ ಆಗತೈತಿ.' ಮಕ್ಕಳೇ, ಇದು ಮಾತು, ಬರವಣಿಗೆ ಅಲ್ಲ," ಎಂದು ನಗುತ್ತ ಸಾಲಿನ ಮೇಲೆ ಗೆರೆ ಎಳೆದರು.

ಹೆಸರು ಮುಚ್ಚಿದರೇನು, ಅಕ್ಷರದ ಗುರುತು ಮುಚ್ಚಲಾದೀತೆ? ಮರುದಿನದಿಂದ ಹರ್ಷಿತಾಳನ್ನು ಕಂಡರೆ ಸಾಕು, ತರಗತಿಯವರು ಬೆಂಚು ಬಡಿದು "ಮಳಿ ಬಂತು" ಎನ್ನತೊಡಗಿದರು. ಆಕೆ ಶಾಲೆಗೆ ಬರುವುದನ್ನೇ ಬಿಟ್ಟಳು. ಕಾರಣ ಗೊತ್ತಾದ ದಿನ ಟೀಚರ್ ವಿಡಿಯೊ ಅಳಿಸಿದರು. ಅದು ಆಗಲೇ ಎಷ್ಟೋ ಫೋನುಗಳಿಗೆ ಹೋಗಿಯಾಗಿತ್ತು.

ಭಾನುವಾರ ಮೆಟ್ರೊ ಹತ್ತಿ ಮಿಯಾಪುರದ ಹರ್ಷಿತಾಳ ಮನೆಗೆ ಹೋದರು. ಹರ್ಷಿತಾಳ ತಾಯಿ ಶಿವದೇವಿ ಅಲ್ಲಿನ ಅಪಾರ್ಟ್‌ಮೆಂಟುಗಳಿಗೆ ಜೋಳದ ರೊಟ್ಟಿ ಮಾಡಿಕೊಡುವಾಕೆ. ಬಾಗಿಲಲ್ಲಿ ಟೀಚರನ್ನು ಕಂಡು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.

"ನಿಮ್ಮ ವಿಡಿಯೊ ನಾನೂ ನೋಡತೀನ್ರಿ. ಮನ್ಯಾಗ ಫೋನ್ ಒಂದ ಐತಿ, ಒಲಿ ಬಾಜೂಕ ಇಟ್ಕೊಂಡು ಇಬ್ಬರೂ ಕಲಿಯಾಕತ್ತೀವಿ. ಆ ಮಳಿ ಮಾತು ನಂದ್ರಿ. ನಮ್ಮವ್ವ ರೊಟ್ಟಿ ಬಡಿಯುವಾಗ ನನಗ ಹಂಗ ಕೇಳತಿತ್ತು, ಅದನ್ನ ಕೂಸಿಗೆ ಹೇಳಿದ್ದೆ. ನನ್ನಿಂದನ ಆಕಿಗೆ ಹಿಂಗಾತು. ತಪ್ಪಾತ್ರಿ ಟೀಚರ್."

ತಪ್ಪೊಪ್ಪಿಕೊಳ್ಳಲು ಬಂದವರ ಎದುರು ಆಕೆಯೇ ತಪ್ಪಾಯಿತು ಎಂದಾಗ ಶಾಂಭವಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಶಿವದೇವಿಯಂತೆ ಅವರೂ ಕಲಬುರಗಿ ಕಡೆಯವರೇ, ಮನೆಯಲ್ಲಿ ಆಡುವುದು ಅದೇ ಮಾತು.

"ತಪ್ಪು ನಿಮ್ಮದಲ್ರಿ, ನಂದು," ಎಂದರು. "ಭಾಳ ಛಲೋ ಸಾಲು ಅದು. ಕಿವಿ ಇದ್ದೂ ನನಗ ಕೇಳಲಿಲ್ಲ."

ಕದದ ಹಿಂದೆ ನಿಂತಿದ್ದ ಹರ್ಷಿತಾ, "ಇರಲಿ ಬಿಡ್ರಿ. ಇನ್ನ ಸರಿಯಾಗಿ ಬರಿತೀನ್ರಿ," ಎಂದಳು.

ಮುಂದಿನ ಪಾಠದಲ್ಲಿ ಟೀಚರ್ ಎಲ್ಲರೆದುರು ಕ್ಷಮೆ ಕೇಳಿದರು. ಕಾಡಿಸುವುದು ನಿಂತಿತು, ಹುಡುಗಿ ಶಾಲೆಗೆ ಬಂದಳು. ಆ ವಾರದ ಪ್ರಬಂಧ 'ನಮ್ಮ ಮನೆ'. ಹರ್ಷಿತಾ ಎರಡು ಪುಟ ತುಂಬಿಸಿದ್ದಳು: 'ಗೃಹವು ಮಾನವನ ಪ್ರಥಮ ಪಾಠಶಾಲೆಯಾಗಿದೆ...' ಎಲ್ಲವೂ ವಿಡಿಯೊದಲ್ಲಿ ಹೇಳಿಕೊಟ್ಟಂತೆಯೇ. ಒಲೆಯಿಲ್ಲ, ತಾಯಿಯಿಲ್ಲ, ಮಿಯಾಪುರವಿಲ್ಲ.

"ತಪ್ಪೇನೂ ಇಲ್ಲ ಅಲ್ರಿ ಟೀಚರ್?" ಮೇಜಿನ ಬಳಿ ನಿಂತು ಕೇಳಿದಳು.

"ಇಲ್ಲವ್ವಾ," ಎಂದರು ಶಾಂಭವಿ. ತಲೆ ಎತ್ತಿ ಆಕೆಯ ಮುಖ ನೋಡಲು ಅವರಿಂದಾಗಲಿಲ್ಲ.